ಮಂತ್ರದ ಜಾಗದಲ್ಲಿ

ರಾತ್ರಿ ಹನ್ನೊಂದರ ಮೇಲೆಯೇ ಕೆಲಸ. ಹಗಲು ಬಂದರಿನಲ್ಲಿ
ಮೀನಿನ ಲಾರಿ, ಐಸು ಒಡೆಯುವ ಯಂತ್ರ, ಬಾಂಗು, ಹಾರ್ನು;
ಮೈಕಿಗೆ ಎಲ್ಲವೂ ಕೇಳುತ್ತದೆ.
ಬಲೆ ಅಂಗಡಿಯ ಮೇಲಿನ ಕೋಣೆ. ಗೋಡೆಗೆ ಮೊಟ್ಟೆಯ ಟ್ರೇ,
ಬಾಗಿಲಿಗೆ ಹಳೆ ಹಾಸಿಗೆ. ಫ್ಯಾನೂ ಬಂದ್.
ಮುನಾವರ್ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೆರಳೆತ್ತುತ್ತಾನೆ,
ಬನಿಯನ್ನಿನಲ್ಲಿ ಕೂತ ನಾನು ಏಳು ಮಕ್ಕಳನ್ನು
ಒಬ್ಬೊಬ್ಬರನ್ನಾಗಿ ಕತ್ತಲೆಗೆ ಇಳಿಸುತ್ತೇನೆ.

ಕಥೆ ಹೀಗುಂಟು:
ಸುಟ್ಟ ಉಪ್ಪಿನ ಮನೆ, ಅಲ್ಲಿ ಬೂದಿಯಯ್ಯ ಎಂಬ ಗುರು.
ಅವನಲ್ಲಿ ಫೀಸು ಮೊದಲು, ವಿದ್ಯೆ ಆಮೇಲೆ.
ಬೆಂಕಿ ಕಲಿಯಬೇಕೆ? ನೆರಳು ಕೊಡು.
ಬೀಗ ತೆರೆಯುವುದಕ್ಕೆ, ಮನೆಗೆ ಹೋಗುವ ದಾರಿಯ ನೆನಪು.
ಮಾಬು ಎಂಬ ಹುಡುಗ ಗಾಳಿ ಹಿಡಿಯಲು ನಾಲಿಗೆಯ ರುಚಿ ಕೊಟ್ಟು
ಈಗ ಬೆಲ್ಲವನ್ನೂ ಮಣ್ಣನ್ನೂ ಒಂದೇ ಮುಖದಲ್ಲಿ ತಿನ್ನುತ್ತಾನೆ.
ಎಲ್ಲರಿಗಿಂತ ಸಣ್ಣವಳು ತುಂಬೆ. ಇನ್ನೂ ಏನೂ ಕೊಟ್ಟಿಲ್ಲ.
ಬಾಗಿಲ ಬಳಿ ಕೂತು ಉಳಿದವರ ಚಪ್ಪಲಿ ಎಣಿಸುತ್ತಾಳೆ.

ನಾನು ಇದಕ್ಕೆ ಬಂದದ್ದು ಬಸ್ಸಿನಿಂದ.
ಒಂಬತ್ತು ವರ್ಷ ಸ್ಟೇಟ್ ಬ್ಯಾಂಕ್-ತಲಪಾಡಿ ಲೈನು.
ದೂಮಣ್ಣ ಕಲಿಸಿದ್ದು. ಮೊದಲ ದಿನವೇ
ಹಿಂದಿನ ಫುಟ್‌ಬೋರ್ಡಿನಲ್ಲಿ ನಿಲ್ಲಿಸಿ ಹೇಳಿದ:
'ಗಂಟಲಿನಿಂದ ಕೂಗಬೇಡ ಮಾರಾಯ, ಹೊಟ್ಟೆಯಿಂದ ಕೂಗು.
ಗಂಟಲು ಬಾಡಿಗೆಯದ್ದು. ಒಂದು ದಿನ ಯಜಮಾನ ವಾಪಸು ಕೇಳುತ್ತಾನೆ.'
ಬೆರಳ ಸಂದಿನಲ್ಲಿ ನೋಟು ಮಡಚುವುದು,
ತಿರುವಿನಲ್ಲಿ ಏನೂ ಹಿಡಿಯದೆ ನಿಲ್ಲುವುದು,
ಕಂಬಿಗೆ ನಾಣ್ಯ ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಪೋಯಿ.
ಅರುವತ್ತು ಮುಖಗಳ ನಡುವೆ
ಟಿಕೆಟು ಮಾಡದ ಒಂದು ಮುಖ ಹೆಕ್ಕುವುದು.
ಇದು ಮಾಟವಲ್ಲದೆ ಮತ್ತೆಂತದ್ದು?
ಅವನು ಮಾತ್ರ ಗಂಟಲಿನಿಂದಲೇ ಕೂಗಿದ, ಇಪ್ಪತ್ತೆಂಟು ವರ್ಷ.
ಈಗ ಅಲ್ಲೊಂದು ತೂತು, ತೂತಿಗೆ ಬಿಳಿ ಬಟ್ಟೆ.

ಅಧ್ಯಾಯ ಹದಿಮೂರು. ತುಂಬೆಯ ಸರದಿ.
ಸತ್ತ ಅಕ್ಕನನ್ನು ಕರೆಯುವ ಮಂತ್ರ ಬೇಕು ಅವಳಿಗೆ.
ಬರೆದವರು ಮಂತ್ರ ಬರೆದಿಲ್ಲ. ಹಾಳೆಯಲ್ಲಿ ಇಷ್ಟೇ:
'ಇಲ್ಲಿ ಯಾರಿಗೂ ಗೊತ್ತಿಲ್ಲದ ಭಾಷೆ.'
ಮುನಾವರ್ ಕೈ ಆಡಿಸಿದ: ಎಂತಾದರೂ ಹೇಳು.
ಮೂಗಿನ ತುದಿಯ ಬೆವರು ಹಾಳೆಗೆ ಬಿತ್ತು.
ಬಾಯಿಗೆ ಬಂದದ್ದು ಇದು,
ಊರಿಗೆ ವಾಪಸಾಗುವ ಕಡೆಯಿಂದ, ಪಿಸುದನಿಯಲ್ಲಿ, ಉಸಿರು ಕಡಿಯದೆ:

ತೊಕ್ಕೊಟ್ಟು ಕಲ್ಲಾಪು ಸಂಕ ಸಂಕ ಸಂಕ
ಜೆಪ್ಪಿನಮೊಗರು ಎಕ್ಕೂರು
ಪಂಪ್‌ವೆಲ್ ಕಂಕನಾಡಿ
ಬಲ್ಮಠ ಜ್ಯೋತಿ ಜ್ಯೋತಿ ಜ್ಯೋತಿ

ಮುನಾವರ್ ಉಳ್ಳಾಲದವನು, ದಿನವೂ ಅದೇ ರಸ್ತೆ.
ಆದರೂ ಅವನ ತೋಳಿನ ರೋಮ ಎದ್ದು ನಿಂತಿತ್ತು.

ಆಮೇಲೆ ತುಂಬೆಯ ದನಿ ಹೋಗಬೇಕು. ಏಳು ಸೆಕೆಂಡು ಮೌನ.
ಮೌನವನ್ನೂ ರೆಕಾರ್ಡ್ ಮಾಡಬೇಕಂತೆ. ಖಾಲಿ ಬಿಟ್ಟರೆ
ಕೇಳುವವರು ಫೋನು ಕೆಟ್ಟಿತೆಂದು ಕುಟ್ಟುತ್ತಾರೆ.
ಉಸಿರು ಹಿಡಿದು ಕೂತೆ. ಕೆಳಗೆಲ್ಲೋ ಒಂದು ದೋಣಿ
ತನ್ನ ಹಗ್ಗವನ್ನು ಎಳೆದು ನೋಡಿತು.
ಐದು.
ಆರು.
ಗಂಟಲು ಇತ್ತು, ಯಾರದ್ದೋ ಸಾಮಾನಿನಂತೆ.

ಭಾನುವಾರ ದೂಮಣ್ಣನ ಮನೆ. ಸೊಸೆ ಚಾ ಇಟ್ಟು ಒಳಗೆ ಹೋದಳು.
ಫೋನನ್ನು ಮಂಚದ ಮೇಲಿಟ್ಟು ಹದಿಮೂರು ಹಾಕಿದೆ.
ಮಾಟದ ಕಥೆಯೆಲ್ಲ ಅವನಿಗೆ ಆಗಿಬರುವುದಿಲ್ಲ;
ಕಣ್ಣು ಮುಚ್ಚಿ ಸಹಿಸಿಕೊಂಡ.
ಮಂತ್ರ ಬಂತು. ಸಂಕ ದಾಟುವಾಗ
ಅವನ ತುಟಿ ಅಲ್ಲಾಡತೊಡಗಿತು. ಎಕ್ಕೂರು, ಪಂಪ್...

ಟಣ್.

ನಾಣ್ಯ ಎಲ್ಲಿತ್ತೋ, ದಿಂಬಿನ ಕೆಳಗೋ, ಮುಷ್ಟಿಯಲ್ಲೋ.
ಮಂಚದ ಕಬ್ಬಿಣಕ್ಕೆ ಒಂದೇ ಪೆಟ್ಟು.
ನಿಲ್ಲಿಸಿದೆ. ಅವನು ಬೆರಳಿನಿಂದ ನೆಲ ತೋರಿಸಿದ. ಕಿಟಕಿ ತೋರಿಸಿದ.
ಮತ್ತೆ ನೆಲ.
ಎಕ್ಕೂರು ಕಳೆದ ಮೇಲೆ ಗರೋಡಿ. ಇದೇ ಗರೋಡಿ,
ಕೊನೆಯ ಟ್ರಿಪ್ಪಿನಲ್ಲಿ ಅವನು ಇಳಿಯುತ್ತಿದ್ದ ಸ್ಟಾಪು.
ಇಳಿಯಲು ಬಿಡದೆ ದಾಟಿ ಹೋಗಿದ್ದೆ.

ಅಂಗಳಕ್ಕೆ ಬಂದು ಮುನಾವರನಿಗೆ ಫೋನು ಮಾಡಿದೆ:
ಹದಿಮೂರು ಇನ್ನೊಮ್ಮೆ ಓದಬೇಕು.
ಬ್ಯಾರಿ ಭಾಷೆಯಲ್ಲಿ ಬೈದ, ಆಮೇಲೆ ಹೂಂ ಅಂದ.
ಒಳಗೆ ಹೋದರೆ ದೂಮಣ್ಣನ ಕೈ ಇನ್ನೂ ಮೇಲೆಯೇ,
ನಾಣ್ಯ ಬೆರಳ ಸಂದಿನಲ್ಲಿ.
ಚಾ ಆರುತ್ತಿತ್ತು. ಬಸ್ಸು ನಿಂತೇ ಇತ್ತು.